ಹದಿನೆಂಟು ದಾಟಿದ ಮೇಲೆ ನಿಮ್ಮ ಡಾಕ್ಟರ್ ಯಾರು?

2025ರ ಜುಲೈ ತಿಂಗಳು. ಬೆಂಗಳೂರು ಮತ್ತು ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಗಳಲ್ಲಿ ಹೊರರೋಗಿಗಳ ಸಾಲು ದಿನದಿಂದ ದಿನಕ್ಕೆ ಉದ್ದವಾಗುತ್ತಿತ್ತು. ಹಾಸನ ಜಿಲ್ಲೆಯಲ್ಲಿ ಒಂದೂವರೆ ತಿಂಗಳೊಳಗೆ 20ಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ತೀರಿಕೊಂಡರು, ಅದರಲ್ಲಿ ಹರೆಯದವರೂ ಇದ್ದಾರೆ ಎಂಬ ಸುದ್ದಿ ಟಿವಿಯಲ್ಲಿ, ವಾಟ್ಸಾಪಿನಲ್ಲಿ ದಿನವಿಡೀ ಓಡುತ್ತಿತ್ತು. ಸಾಲಿನಲ್ಲಿ ನಿಂತ ಎಷ್ಟೋ ಜನಕ್ಕೆ ಎದೆನೋವು ಇರಲಿಲ್ಲ, ಭಯ ಇತ್ತು. ‘ಯಾವುದಕ್ಕೂ ಒಂದು ಇಸಿಜಿ ಮಾಡಿಸಿಬಿಡೋಣ’ ಅಂತ ಬಂದವರು. ಗಾಬರಿ ಬೇಡ, ಎಲ್ಲರೂ ಹೀಗೆ ಓಡಿ ಬರಬೇಡಿ ಎಂದು ವೈದ್ಯರೇ ಮನವಿ ಮಾಡಬೇಕಾಯಿತು.

ಆಮೇಲೆ ಸರ್ಕಾರದ ತಜ್ಞರ ಸಮಿತಿ ಕೂತು ಲೆಕ್ಕ ಹಾಕಿತು. ಹಾಸನದಲ್ಲಿ ಹೃದಯದ ಸಾವುಗಳು ಅಸಹಜವಾಗಿ ಏರಿಲ್ಲ ಎಂದಿತು. ಸಿಗರೇಟು, ಬಿಪಿ, ಶುಗರ್, ಮನೆಯಲ್ಲಿ ಮೊದಲೇ ಇದ್ದ ಹೃದ್ರೋಗ, ಹೀಗೆ ಹಳೆಯ ಕಾರಣಗಳನ್ನೇ ಹೇಳಿತು. ಸುದ್ದಿ ತಣ್ಣಗಾಯಿತು, ಸಾಲು ಕರಗಿತು.

ಆದರೆ ಆ ಸಾಲಿನ ಬಗ್ಗೆ ಯಾರೂ ಜಾಸ್ತಿ ಯೋಚಿಸಿದಂತೆ ಕಾಣಲಿಲ್ಲ. 25ರ ಹುಡುಗನೊಬ್ಬ ತನ್ನ ಬಿಪಿ ಎಷ್ಟಿದೆ ಅಂತ ತಿಳಿಯಲು ರಾಜ್ಯದ ಅತಿ ದೊಡ್ಡ ಹೃದ್ರೋಗ ಆಸ್ಪತ್ರೆಗೇ ಯಾಕೆ ಬರಬೇಕು? ಊರ ಹತ್ತಿರ ಪ್ರಾಥಮಿಕ ಆರೋಗ್ಯ ಕೇಂದ್ರ ಇದೆ. ಬೆಂಗಳೂರಾದರೆ ಮನೆ ಹತ್ತಿರವೇ ಸರ್ಕಾರದ ‘ನಮ್ಮ ಕ್ಲಿನಿಕ್’ ಇದೆ. ಅಲ್ಲೂ ಬಿಪಿ ಮೆಷಿನ್ ಇದೆ. ಆದರೆ ಅದು ಮಕ್ಕಳಿಗೆ ಚುಚ್ಚುಮದ್ದು ಹಾಕುವ, ಬಸುರಿಯರನ್ನು ನೋಡುವ, ವಯಸ್ಸಾದವರಿಗೆ ಶುಗರ್ ಮಾತ್ರೆ ಕೊಡುವ ಜಾಗ ಎಂದು ಅವನ ತಲೆಯಲ್ಲಿ ಕೂತಿದೆ. ಈ ವಿಷಯದಲ್ಲಿ ಅವನು ತಪ್ಪು ತಿಳಿದಿಲ್ಲ ಎನ್ನುವುದೇ ಸಮಸ್ಯೆ. ನಮ್ಮ ಆರೋಗ್ಯ ವ್ಯವಸ್ಥೆಯ ಕಾರ್ಯಕ್ರಮಗಳನ್ನು ವಯಸ್ಸಿನ ಪ್ರಕಾರ ಪಕ್ಕಪಕ್ಕ ಇಟ್ಟು ನೋಡಿದರೆ, 18ರಿಂದ 30ರ ನಡುವೆ ಹೆಚ್ಚೂಕಡಿಮೆ ಖಾಲಿ ಜಾಗ ಕಾಣುತ್ತದೆ.

ವಯಸ್ಸಿನ ಲೆಕ್ಕ

ಹುಟ್ಟಿನಿಂದ 18 ವರ್ಷದವರೆಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆ. 2013ರಲ್ಲಿ ಶುರುವಾಯಿತು, ಎಲ್ಲರೂ ಆರ್‌ಬಿಎಸ್‌ಕೆ ಅಂತಲೇ ಕರೆಯುತ್ತಾರೆ. ಇಬ್ಬರು ಆಯುಷ್ ವೈದ್ಯರು, ಒಬ್ಬ ಸಿಸ್ಟರ್, ಒಬ್ಬ ಫಾರ್ಮಸಿಸ್ಟ್ ಇರುವ ತಂಡ ಗಾಡಿಯಲ್ಲಿ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಹೋಗಿ ಮಕ್ಕಳನ್ನು ತಪಾಸಣೆ ಮಾಡುತ್ತದೆ. ಹುಟ್ಟಿನಿಂದ ಬಂದ ಹೃದಯದ ರಂಧ್ರ, ಕಿವಿ ಕೇಳದಿರುವುದು, ಮೂರ್ಛೆ, ರಕ್ತಹೀನತೆ ಇಂಥವನ್ನು ಹುಡುಕಿ ದೊಡ್ಡಾಸ್ಪತ್ರೆಗೆ ಕಳಿಸುತ್ತದೆ. ಆಪರೇಷನ್ ಬೇಕಿದ್ದರೆ ಅದೂ ಉಚಿತ. ಒಳ್ಳೆಯ ಕಾರ್ಯಕ್ರಮ, ಎಷ್ಟೋ ಮಕ್ಕಳ ಜೀವ ಉಳಿಸಿದೆ.

10ರಿಂದ 19ರವರಿಗೆ 2014ರಲ್ಲಿ ಬಂದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ. ನಮ್ಮಲ್ಲಿ ಇದರ ಮುಖ, ಹದಿಹರೆಯದವರು ಮುಜುಗರವಿಲ್ಲದೆ ಮಾತಾಡಲೆಂದು ಇರುವ ‘ಸ್ನೇಹ ಕ್ಲಿನಿಕ್’. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆ ಕೂಡ ಇದೇ ವಯಸ್ಸಿನವರಿಗೆ.

ಆಮೇಲೆ ಮದುವೆ. ಮದುವೆಯಾದ ಹುಡುಗಿ ಆರೋಗ್ಯ ಕಾರ್ಯಕರ್ತೆಯ ‘ಅರ್ಹ ದಂಪತಿ’ ಪಟ್ಟಿಗೆ ಸೇರುತ್ತಾಳೆ. ಬಸುರಿಯಾದರೆ ತಾಯಿ ಕಾರ್ಡ್ ಸಿಗುತ್ತದೆ, ಆಶಾ ಅಕ್ಕ ಮನೆಗೇ ಬಂದು ವಿಚಾರಿಸುತ್ತಾಳೆ. ಮದುವೆಯಾಗದವಳಿಗೆ, ಮದುವೆಯಾದರೂ ಗಂಡಸಿಗೆ, ಈ ಬಾಗಿಲು ಇಲ್ಲ.

ಮುಂದೆ 30. ಬಿಪಿ, ಶುಗರ್ ಮತ್ತು ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ತಪಾಸಣೆಗೆ ದೇಶದಾದ್ಯಂತ ಇಟ್ಟುಕೊಂಡ ವಯಸ್ಸು 30. ಮನೆ ಬಾಗಿಲಿಗೇ ಹೋಗಿ ತಪಾಸಣೆ ಮಾಡುವ ರಾಜ್ಯದ ‘ಗೃಹ ಆರೋಗ್ಯ’ ಯೋಜನೆಯೂ 30 ದಾಟಿದವರನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ಈಗ 22 ವರ್ಷದ, ಮದುವೆಯಾಗದ, ಕೆಲಸಕ್ಕೆ ಹೋಗುವ ಒಬ್ಬರನ್ನು ನೆನೆಸಿಕೊಳ್ಳಿ. ಶಾಲೆ ಮುಗಿದಿದೆ. ಬಸುರಿ ಅಲ್ಲ. 30 ಆಗಿಲ್ಲ. ಕಾಯಿಲೆ ಬಿದ್ದರೆ ಹೋಗಬಹುದು, ಯಾರೂ ಬೇಡ ಅನ್ನುವುದಿಲ್ಲ. ಆದರೆ ಇವರ ಆರೋಗ್ಯ ಹೇಗಿದೆ ಅಂತ ಕೇಳುವ ಹೊಣೆ ಇಡೀ ವ್ಯವಸ್ಥೆಯಲ್ಲಿ ಯಾರಿಗೂ ಇಲ್ಲ.

ಅಮೆರಿಕದ ಮಕ್ಕಳ ತಜ್ಞೆ ಬಾರ್ಬರಾ ಸ್ಟಾರ್‌ಫೀಲ್ಡ್ ಒಳ್ಳೆಯ ಪ್ರಾಥಮಿಕ ಆರೈಕೆಗೆ ನಾಲ್ಕು ಗುರುತು ಹೇಳಿದ್ದರು. ಏನೇ ಆದರೂ ಮೊದಲು ಹೋಗಲು ಒಂದು ಜಾಗ ಇರಬೇಕು. ಅಲ್ಲಿ ನಿಮ್ಮನ್ನು ವರ್ಷಗಟ್ಟಲೆ ಬಲ್ಲವರು ಇರಬೇಕು. ಸಾಮಾನ್ಯ ತೊಂದರೆಗಳೆಲ್ಲ ಅಲ್ಲೇ ಬಗೆಹರಿಯಬೇಕು. ಬೇರೆ ಕಡೆ ಕಳಿಸಿದರೂ ಅಲ್ಲಿ ಏನಾಯಿತು ಅನ್ನುವುದನ್ನು ಇವರೇ ಜೋಡಿಸಿ ಇಟ್ಟುಕೊಳ್ಳಬೇಕು. ಈ ನಾಲ್ಕನೆಯದೇ ಸಮನ್ವಯ. ನಮ್ಮ ಹಳೆಯ ಫ್ಯಾಮಿಲಿ ಡಾಕ್ಟರುಗಳು ಈ ಕೆಲಸವನ್ನು ಹೆಸರಿಡದೆ ಮಾಡುತ್ತಿದ್ದರು. ‘ನಿಮ್ಮಪ್ಪನಿಗೂ ಈ ವಯಸ್ಸಲ್ಲೇ ಬಿಪಿ ಶುರುವಾಯ್ತು, ನೀನು ಉಪ್ಪಿನಕಾಯಿ ಕಡಿಮೆ ಮಾಡು’ ಅನ್ನುವುದಕ್ಕೆ ಅವರಿಗೆ ಫೈಲ್ ಬೇಕಿರಲಿಲ್ಲ.

ಅಮೆರಿಕದ ಮಕ್ಕಳ ವೈದ್ಯರ ಸಂಘ 1967ರಲ್ಲೇ ಇದಕ್ಕೆ ‘ಮೆಡಿಕಲ್ ಹೋಮ್’ ಎಂದು ಹೆಸರಿಟ್ಟಿತು. ಕಾಯಂ ಕಾಯಿಲೆ ಇರುವ ಮಗುವಿನ ಎಲ್ಲ ದಾಖಲೆ, ಎಲ್ಲ ಚಿಕಿತ್ಸೆಯ ಎಳೆಗಳು ಒಂದು ಕಡೆ ಸೇರಬೇಕು ಅನ್ನುವುದು ಮೊದಲ ಉದ್ದೇಶ. ಅಷ್ಟು ಹಣ ಇರುವ ದೇಶದಲ್ಲೂ ಬಡವರ, ಕಪ್ಪು ಜನರ, ಸ್ಪ್ಯಾನಿಷ್ ಮಾತಾಡುವವರ, ವಿಮೆ ಇಲ್ಲದವರ ಮಕ್ಕಳಿಗೆ ಇದು ಕಡಿಮೆ ಸಿಗುತ್ತದೆ ಎಂದು ಅಲ್ಲಿನ ಮಕ್ಕಳ ಆರೋಗ್ಯ ಸಮೀಕ್ಷೆಗಳು ಮತ್ತೆ ಮತ್ತೆ ತೋರಿಸಿವೆ. ಮಕ್ಕಳ ಡಾಕ್ಟರರಿಂದ ದೊಡ್ಡವರ ಡಾಕ್ಟರರಿಗೆ ದಾಟಿಸುವಾಗಲೇ ಜಾಸ್ತಿ ಹುಡುಗರು ಕೈತಪ್ಪುತ್ತಾರೆ ಎಂಬುದೂ ಅಲ್ಲಿ ಗೊತ್ತಿರುವ ಸಂಗತಿ. ಅಲ್ಲಿ ಅಳೆಯುತ್ತಾರೆ, ಹಾಗಾಗಿ ಗೊತ್ತು. ನಮ್ಮ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (ಎನ್‌ಎಫ್‌ಎಚ್‌ಎಸ್), ಮನೆಯವರು ಹುಷಾರಿಲ್ಲದಾಗ ಸಾಮಾನ್ಯವಾಗಿ ಎಲ್ಲಿಗೆ ಹೋಗುತ್ತಾರೆ ಅಂತ ಮನೆಗೊಂದು ಪ್ರಶ್ನೆ ಕೇಳುತ್ತದೆ. ಆ ಮನೆಯ 20ರ ಹುಡುಗಿಗೆ ತನ್ನದು ಅನ್ನುವ ಡಾಕ್ಟರ್ ಇದ್ದಾರಾ ಎಂಬುದು ಅದರಿಂದ ತಿಳಿಯುವುದಿಲ್ಲ.

21 ದಿನಕ್ಕೊಂದು ಇಂಜೆಕ್ಷನ್

ಸಮನ್ವಯ ಅನ್ನುವುದು ದೊಡ್ಡ ಮಾತಾಗಿ ಕೇಳಿಸುತ್ತದೆ. ಒಂದು ಕಾಯಿಲೆ ಹಿಡಿದು ನೋಡಿದರೆ ಅದು ಎಷ್ಟು ಸಣ್ಣ ಸಂಗತಿ ಅನ್ನುವುದು ಕಾಣುತ್ತದೆ.

ರುಮ್ಯಾಟಿಕ್ ಹೃದ್ರೋಗ. ಗಂಟಲುನೋವು ತರುವ ಒಂದು ಜಾತಿಯ ಬ್ಯಾಕ್ಟೀರಿಯಾದಿಂದ ಶುರುವಾಗುತ್ತದೆ. 5ರಿಂದ 15 ವರ್ಷದ ಮಕ್ಕಳಿಗೆ ಜಾಸ್ತಿ. ಗಂಟಲು ವಾಸಿಯಾದ ಕೆಲ ವಾರಕ್ಕೆ ಜ್ವರ, ಕೀಲುನೋವು ಬರುತ್ತದೆ. ಕೆಲವರಲ್ಲಿ ಹೃದಯದ ಕವಾಟಕ್ಕೆ ಪೆಟ್ಟು ಬೀಳುತ್ತದೆ. ಇಕ್ಕಟ್ಟಾದ ಮನೆಯಲ್ಲಿ ಹತ್ತಾರು ಜನ ಮಲಗುವ ಕಡೆ, ಗಂಟಲುನೋವಿಗೆ ಸರಿಯಾದ ಔಷಧ ಸಿಗದ ಕಡೆ ಇದು ಹೆಚ್ಚು. ಬಡವರ ಕಾಯಿಲೆ ಅಂತ ನೇರವಾಗಿ ಹೇಳಬಹುದು. ಮತ್ತೆ ಮತ್ತೆ ಸೋಂಕು ತಗುಲಿದಷ್ಟೂ ಕವಾಟ ಇನ್ನಷ್ಟು ಕೆಡುತ್ತದೆ. ಅದನ್ನು ತಡೆಯಲು ಇರುವ ಉಪಾಯ ಹಳೆಯದು, ಅಗ್ಗದ್ದು: ಮೂರು ವಾರಕ್ಕೊಮ್ಮೆ ಸೊಂಟಕ್ಕೆ ಪೆನಿಸಿಲಿನ್ ಇಂಜೆಕ್ಷನ್. ಕವಾಟಕ್ಕೆ ಪೆಟ್ಟು ಬಿದ್ದಿದ್ದರೆ ಕಡಿಮೆ ಅಂದರೂ 25 ವರ್ಷದವರೆಗೆ, ತೀರಾ ಕೆಟ್ಟಿದ್ದರೆ 40ರವರೆಗೆ ತೆಗೆದುಕೊಳ್ಳಬೇಕು.

ಈಗ ರಾಯಚೂರು ಜಿಲ್ಲೆಯ ಯಾವುದೋ ಊರಿನ ಸರ್ಕಾರಿ ಶಾಲೆಯ ಹುಡುಗ ಒಬ್ಬನಿದ್ದಾನೆ ಅಂದುಕೊಳ್ಳಿ. ಒಂಬತ್ತನೇ ಕ್ಲಾಸಿನಲ್ಲಿ ಆರ್‌ಬಿಎಸ್‌ಕೆ ತಂಡ ಅವನ ಎದೆಗೆ ಸ್ಟೆಥೋಸ್ಕೋಪ್ ಇಟ್ಟಾಗ ಬೇಡದ ಸದ್ದು ಕೇಳಿತು. ಜಿಲ್ಲಾಸ್ಪತ್ರೆಗೆ ಕಳಿಸಿದರು, ಎಕೋ ಅನ್ನುವ ಹೃದಯದ ಸ್ಕ್ಯಾನ್ ಆಯಿತು, ಇಂಜೆಕ್ಷನ್ ಶುರುವಾಯಿತು. ಇಲ್ಲಿವರೆಗೆ ವ್ಯವಸ್ಥೆ ಚೆನ್ನಾಗೇ ನಡೆದಿದೆ. ಊರಿನ ಸಿಸ್ಟರಿಗೆ ಅವನ ಪರಿಚಯ ಇದೆ, ಅಮ್ಮ ದಿನ ನೆನಪಿಟ್ಟಿದ್ದಾಳೆ.

ಪಿಯುಸಿಗೆ ಅವನು ಓದು ಬಿಟ್ಟ. 19ಕ್ಕೆ ಬೆಂಗಳೂರಿಗೆ ಬಂದು ಡೆಲಿವರಿ ಕೆಲಸಕ್ಕೆ ಸೇರಿದ. ಆರ್‌ಬಿಎಸ್‌ಕೆ ಲೆಕ್ಕದಲ್ಲಿ ಅವನು ಮುಗಿದ. ಹಳೆಯ ಚೀಟಿ ಊರಿನಲ್ಲಿ ಟ್ರಂಕಿನಲ್ಲಿದೆ, ಫೋಟೋ ತೆಗೆದಿಟ್ಟಿದ್ದ ಮೊಬೈಲ್ ಬದಲಾಗಿದೆ. ಇಂಜೆಕ್ಷನ್ ಬೇಕು ಅಂತ ಹತ್ತಿರದ ಕ್ಲಿನಿಕ್ಕಿಗೆ ಹೋದರೆ ‘ಯಾರು ಬರೆದುಕೊಟ್ಟರು, ಚೀಟಿ ಎಲ್ಲಿ’ ಎಂದು ಕೇಳುತ್ತಾರೆ. ಕೇಳುವುದರಲ್ಲಿ ತಪ್ಪಿಲ್ಲ. ಪೆನಿಸಿಲಿನ್ ಒಗ್ಗದವರಿಗೆ ಪ್ರಾಣಕ್ಕೇ ಅಪಾಯ ಆಗಬಹುದು, ಅಂಥ ಪ್ರಸಂಗ ವಿರಳ ಆದರೂ ಅದರ ಹೆದರಿಕೆಯಿಂದ ಎಷ್ಟೋ ವೈದ್ಯರು ಇದನ್ನು ಕೊಡಲು ಹಿಂಜರಿಯುತ್ತಾರೆ. ದೊಡ್ಡಾಸ್ಪತ್ರೆಗೆ ಹೋಗಿ ಬಾ ಅನ್ನುತ್ತಾರೆ. ದೊಡ್ಡಾಸ್ಪತ್ರೆ ಅಂದರೆ ಒಂದು ದಿನದ ಕೂಲಿ ಹೋಯಿತು. ಎರಡು ಸಲ ತಪ್ಪುತ್ತದೆ, ಮೂರನೇ ಸಲ ಮರೆತೇ ಹೋಗುತ್ತದೆ. ಸುಸ್ತು ಏನೂ ಇಲ್ಲವಲ್ಲ, ಯಾಕೆ ಚುಚ್ಚಿಸಿಕೊಳ್ಳಬೇಕು ಅನ್ನುವ ವಯಸ್ಸು ಬೇರೆ.

ಹಾಗೆ ಕೈತಪ್ಪಿದವನು ಮತ್ತೆ ವ್ಯವಸ್ಥೆಯ ಕಣ್ಣಿಗೆ ಬೀಳುವುದು ಉಸಿರು ಕಟ್ಟಿದಾಗ. ಆಗ ಕವಾಟ ಬದಲಿಸುವ ಆಪರೇಷನ್. ವಿಚಿತ್ರ ಅಂದರೆ ಆ ದುಬಾರಿ ಆಪರೇಷನ್ನಿಗೆ ದುಡ್ಡಿದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಕೊಡುತ್ತದೆ. ಅದನ್ನು ತಡೆಯಬಹುದಾಗಿದ್ದ, ಕೆಲವೇ ರೂಪಾಯಿಯ ಇಂಜೆಕ್ಷನ್ನು ಬೆಂಗಳೂರಿನಲ್ಲಿ ಅವನಿಗೆ ತಪ್ಪದೆ ಸಿಗುವಂತೆ ನೋಡಿಕೊಳ್ಳುವವರಿಲ್ಲ.

ಅವನ ಜಾಗದಲ್ಲಿ ಹುಡುಗಿ ಇದ್ದಿದ್ದರೆ ಕತೆ ಇನ್ನೊಂದು ದಾರಿ ಹಿಡಿಯುತ್ತಿತ್ತು. ಕವಾಟ ಕಿರಿದಾಗಿದೆ ಎಂದು ಎಷ್ಟೋ ಹೆಣ್ಣುಮಕ್ಕಳಿಗೆ ಗೊತ್ತಾಗುವುದೇ ಮೊದಲ ಬಸುರಿನಲ್ಲಿ. ಬಸುರಿಯ ದೇಹದಲ್ಲಿ ರಕ್ತದ ಪ್ರಮಾಣ ಹೆಚ್ಚಾಗುತ್ತದೆ, ಕೆಟ್ಟ ಕವಾಟ ಅದನ್ನು ತಡೆಯಲಾರದು. ತಾಯಿ ಕಾರ್ಡ್ ಮಾಡಿಸಲು ಬಂದಾಗ ಪತ್ತೆಯಾದರೆ ಅದೃಷ್ಟ. ಶಾಲೆ ಬಿಟ್ಟ ಮೇಲೆ, ಮದುವೆಗೆ ಮುಂಚೆ ಅವಳ ಎದೆಗೆ ಸ್ಟೆಥೋಸ್ಕೋಪ್ ಇಡುವ ಕಾರಣ ಯಾರಿಗೂ ಸಿಕ್ಕಿರಲಿಲ್ಲ.

ಎಲ್ಲರೂ ಒಂದೇ ರೀತಿ ಕೈತಪ್ಪುವುದಿಲ್ಲ

ಈ ಖಾಲಿ ಜಾಗ ಎಲ್ಲರಿಗೂ ಒಂದೇ ಆಳ ಇಲ್ಲ. ಬೆಂಗಳೂರಿನ ಐಟಿ ಕಂಪನಿಯ 24ರ ಹುಡುಗನಿಗೂ ಸರ್ಕಾರಿ ಡಾಕ್ಟರ್ ಇಲ್ಲ. ಆದರೆ ಕಂಪನಿ ವಿಮೆ ಇದೆ, ವರ್ಷಕ್ಕೊಂದು ಚೆಕಪ್ ಇದೆ, ಫೋನಿನಲ್ಲಿ ಡಾಕ್ಟರ್ ಆಪ್ ಇದೆ. ಸಮನ್ವಯ ಅವನಿಗೂ ಇಲ್ಲ, ಆದರೆ ದುಡ್ಡಿನಿಂದ ಆ ಕೊರತೆಯನ್ನು ಸ್ವಲ್ಪ ಮುಚ್ಚಿಕೊಳ್ಳಬಹುದು.

ಗಾರ್ಮೆಂಟ್ಸ್ ಹುಡುಗಿಯ ಸ್ಥಿತಿ ನೋಡಲು ಕಷ್ಟ ಅನ್ನಿಸಿದರೂ ಒಂದು ವಿಷಯದಲ್ಲಿ ಅವಳು ಪುಣ್ಯವಂತೆ. ತಿಂಗಳ ಸಂಬಳ 21,000 ರೂಪಾಯಿ ಮೀರದವರಿಗೆ ನೌಕರರ ರಾಜ್ಯ ವಿಮೆ, ಅಂದರೆ ಇಎಸ್‌ಐ ಇದೆ. ಹೆಸರು ನೋಂದಣಿ ಆಗುತ್ತದೆ, ಡಿಸ್ಪೆನ್ಸರಿ ಗೊತ್ತುಮಾಡಿಕೊಡುತ್ತಾರೆ, ಅಲ್ಲಿಂದ ಇಎಸ್‌ಐ ಆಸ್ಪತ್ರೆಗೆ ದಾರಿ ಇದೆ. ಕಾಗದದ ಮೇಲೆ ನೋಡಿದರೆ ನಮ್ಮಲ್ಲಿ ಕೆಲಸ ಮಾಡುವ ಯುವಜನರಿಗೆ ಸಮನ್ವಯದ ಆರೈಕೆಗೆ ಅತಿ ಹತ್ತಿರದ ವ್ಯವಸ್ಥೆ ಇದೇ. ಇಎಸ್‌ಐ ಬಗ್ಗೆ ಬೈಗುಳ ಕೇಳಿದಷ್ಟು ಈ ಮಾತು ಕೇಳುವುದಿಲ್ಲ, ಅದಕ್ಕೇ ಹೇಳಿದೆ. ಆದರೆ ಅವಳ ಪಕ್ಕದ ರೂಮಿನಲ್ಲಿರುವ, ಸಣ್ಣ ಬಟ್ಟೆ ಅಂಗಡಿಯಲ್ಲಿ ನಿಂತು ದುಡಿಯುವ, ಬ್ಯೂಟಿ ಪಾರ್ಲರಿನಲ್ಲಿ ಕೆಲಸ ಕಲಿಯುವ ಹುಡುಗಿಗೆ ಅದೂ ಇಲ್ಲ. ಹತ್ತು ಜನಕ್ಕಿಂತ ಕಡಿಮೆ ಇರುವ ಜಾಗ ಸಾಮಾನ್ಯವಾಗಿ ಇಎಸ್‌ಐ ಲೆಕ್ಕಕ್ಕೆ ಬರುವುದಿಲ್ಲ.

ಶಾಲೆಯ ವಿಷಯಕ್ಕೆ ಬಂದರೆ ಇನ್ನೊಂದು ತಿರುವು ಇದೆ. ಆರ್‌ಬಿಎಸ್‌ಕೆ ಗಾಡಿ ಹೋಗುವುದು ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ. ಕೂಲಿ ಮಾಡಿ ಫೀಸ್ ಕಟ್ಟಿ, ಬೀದಿ ಕೊನೆಯ ಇಂಗ್ಲಿಷ್ ಮೀಡಿಯಂ ಶಾಲೆಗೆ ಸೇರಿಸಿದ ಮನೆಯ ಮಗುವಿಗೆ ಈ ತಪಾಸಣೆ ಸಿಗುವುದಿಲ್ಲ. ಶಾಲೆ ಬಿಟ್ಟ ಮಕ್ಕಳ ಪಾಡು ಇನ್ನೂ ಕಷ್ಟ. ನಿಜವಾಗಿ ಜಾಸ್ತಿ ಅಗತ್ಯ ಇರುವವರೇ ಅವರು. ಎನ್‌ಎಫ್‌ಎಚ್‌ಎಸ್-5 ಪ್ರಕಾರ ಕರ್ನಾಟಕದಲ್ಲಿ 20–24ರ ಹೆಣ್ಣುಮಕ್ಕಳಲ್ಲಿ ಐದರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿದೆ. ಇವರಲ್ಲಿ ಎಷ್ಟೋ ಮಂದಿ ಶಾಲೆಯ ನೀಲಿ ಮಾತ್ರೆಯಿಂದ ನೇರ ತಾಯಿ ಕಾರ್ಡಿಗೆ ಬಂದವರು. ಅದೇ ಸಮೀಕ್ಷೆಯಲ್ಲಿ ದೇಶದ 15–19ರ ಹುಡುಗಿಯರಲ್ಲಿ 59% ಮಂದಿಗೆ ರಕ್ತಹೀನತೆ ಇತ್ತು. ಅದೇ ವಯಸ್ಸಿನ ಹುಡುಗರಲ್ಲಿ 31%. ಹುಡುಗರಲ್ಲೂ ಇಷ್ಟಿದೆಯಾ ಅಂತ ಆಶ್ಚರ್ಯ ಪಡುವವರೇ ಜಾಸ್ತಿ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರ, ಕೊಡಗು ಮತ್ತು ಎಚ್.ಡಿ. ಕೋಟೆ ಕಡೆಯ ಜೇನುಕುರುಬರ ಹಾಡಿಗಳಲ್ಲಿ ಸಿಕಲ್ ಸೆಲ್ ರಕ್ತಹೀನತೆ ಇದೆ, ಅಪ್ಪ ಅಮ್ಮನಿಂದ ಮಕ್ಕಳಿಗೆ ಬರುವ ರಕ್ತದ ಕಾಯಿಲೆ. 2023ರ ಜುಲೈ 1ರಂದು ಶುರುವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಮಿಷನ್ 0ಯಿಂದ 40 ವರ್ಷದವರನ್ನೆಲ್ಲ ಪರೀಕ್ಷೆ ಮಾಡಲು ಹೊರಟಿತು. 18ರಲ್ಲಿ ಗೋಡೆ ಎಳೆಯದ ಕಾರ್ಯಕ್ರಮ, ಇದನ್ನು ಮೆಚ್ಚಬೇಕು. ಆದರೆ ಪರೀಕ್ಷೆ ಒಂದು ದಿನದ ಕೆಲಸ. ಕಾಯಿಲೆ ಇರುವವನಿಗೆ ದಿನಾ ಮಾತ್ರೆ ಬೇಕು, ಆಗಾಗ ರಕ್ತ ಪರೀಕ್ಷೆ ಬೇಕು, ಮೈಕೈ ಹಿಂಡುವ ನೋವು ಬಂದಾಗ ‘ನಾಟಕ ಮಾಡ್ತಿದ್ದಾನೆ’ ಅನ್ನದೆ ತಕ್ಷಣ ನೋವಿನ ಔಷಧ ಕೊಡುವ ಡಾಕ್ಟರ್ ಬೇಕು. ಕಾಫಿ ತೋಟದ ಕೆಲಸಕ್ಕೆ ತಿಂಗಳುಗಟ್ಟಲೆ ಹಾಡಿ ಬಿಟ್ಟು ಹೋಗುವ ಹುಡುಗನಿಗೆ ಕೈಯಲ್ಲಿರುವ ಕಾರ್ಡ್ ಒಂದೇ ಸಾಲದು.

ಮನಸ್ಸಿನ ವಿಷಯ

ಬೇರೆ ಬೇರೆ ಇಲಾಖೆಗಳು ಒಳ್ಳೆಯ ಕೆಲಸವನ್ನೇ ಬೇರೆ ಬೇರೆ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ಮಾನಸಿಕ ಆರೋಗ್ಯವೇ ಉದಾಹರಣೆ. ದೊಡ್ಡವರಾದ ಮೇಲೆ ಕಾಣುವ ಮಾನಸಿಕ ತೊಂದರೆಗಳಲ್ಲಿ ಮುಕ್ಕಾಲು ಪಾಲು 25ರೊಳಗೇ ಶುರುವಾಗಿರುತ್ತವೆ ಅನ್ನುವುದು ಈ ಕ್ಷೇತ್ರದವರು ಒಪ್ಪುವ ಮಾತು. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ 13–17ರ ಮಕ್ಕಳಲ್ಲಿ 7.3% ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು.

ನಮ್ಮ ರಾಜ್ಯದಲ್ಲಿ ಇದಕ್ಕೆ ಏನೂ ಇಲ್ಲ ಅನ್ನುವಂತಿಲ್ಲ. ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು 1980ರ ದಶಕದಲ್ಲಿ ಬಳ್ಳಾರಿಯಲ್ಲಿ ನಿಮ್ಹಾನ್ಸ್ ಮಾಡಿದ ಪ್ರಯೋಗ. ‘ಮನೋಚೈತನ್ಯ’ದ ಹೆಸರಿನಲ್ಲಿ ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಏರ್ಪಾಡಿದೆ. 2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಇದೆ, 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ನಿಮ್ಹಾನ್ಸ್ ಜೊತೆ ಸೇರಿ ‘ಯುವ ಸ್ಪಂದನ’ ಕೇಂದ್ರಗಳನ್ನು ಜಿಲ್ಲೆಗಳಲ್ಲಿ ನಡೆಸುತ್ತಿದೆ. 15ರಿಂದ 35ರವರಿಗೆ ಅಂತಲೇ ಇರುವ ಆಪ್ತಸಲಹೆ ಅದು, ನಾನು ಹೇಳುತ್ತಿರುವ ಖಾಲಿ ಜಾಗಕ್ಕೆ ಸರಿಯಾಗಿ ಹೊಂದುವ ವಯಸ್ಸು.

ತೊಂದರೆ ಇರುವುದು ಇವುಗಳ ನಡುವಿನ ದಾರಿಯಲ್ಲಿ. ನಿದ್ದೆ ಬರುತ್ತಿಲ್ಲ, ಎದೆ ಡವಡವ ಅನ್ನುತ್ತೆ ಅಂತ ಒಬ್ಬ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ (ಪಿಎಚ್‌ಸಿ) ಹೋಗುತ್ತಾನೆ. ಡಾಕ್ಟರ್ ಗ್ಯಾಸ್ಟ್ರಿಕ್ ಮಾತ್ರೆ ಬರೆಯುತ್ತಾರೆ. ಇದು ಅವರ ಬೇಜವಾಬ್ದಾರಿ ಅಂತ ಬೈಯುವುದು ಸುಲಭ. ಒಂದು ಬೆಳಗ್ಗೆ ನೂರರ ಹತ್ತಿರ ರೋಗಿಗಳನ್ನು ನೋಡುವವರಿಗೆ ಒಬ್ಬನ ಜೊತೆ ಹದಿನೈದು ನಿಮಿಷ ಕೂತು ಮಾತಾಡಲು ಆಗುವುದಿಲ್ಲ. ಆದರೆ ‘ಯುವ ಸ್ಪಂದನಕ್ಕೆ ಹೋಗು, ಹೋಗಿ ಬಂದ ಮೇಲೆ ನನಗೆ ಹೇಳು’ ಎನ್ನುವ ಒಂದು ಸಾಲು ಕೂಡ ಚೀಟಿಯಲ್ಲಿ ಬರುವುದು ಅಪರೂಪ. ಅದು ಬೇರೆ ಇಲಾಖೆ. ರಾತ್ರಿ ಟೆಲಿ ಮಾನಸ್‌ಗೆ ಫೋನ್ ಮಾಡಿ ಅತ್ತವನು ಬೆಳಗ್ಗೆ ತನ್ನ ಊರಿನ ಡಾಕ್ಟರಿಗೆ ಅಪರಿಚಿತನೇ.

ಮತ್ತೆ ಗುಟ್ಟಿನ ಪ್ರಶ್ನೆ. ಹಳ್ಳಿಯ ಆಸ್ಪತ್ರೆಯ ಬೆಂಚಿನ ಮೇಲೆ ಕೂತವರೆಲ್ಲ ಗುರುತಿನವರು. ಹುಡುಗಿಯೊಬ್ಬಳು ಬಿಳಿ ಮುಟ್ಟು ಅಂತ ಹೇಳಿಕೊಳ್ಳಲು ಹೋದರೆ ಸಂಜೆಯೊಳಗೆ ಅತ್ತೆಮಗಳಿಗೆ ಗೊತ್ತಾಗಿರುತ್ತದೆ. ಸ್ನೇಹ ಕ್ಲಿನಿಕ್ ಇದಕ್ಕಾಗಿಯೇ ಹುಟ್ಟಿದ್ದು, ಆದರೆ ಪಿಎಚ್‌ಸಿಯಲ್ಲಿ ಅದು ವಾರಕ್ಕೊಂದು ಹೊತ್ತು. ಅದೇ ಕೋಣೆ, ಅದೇ ಬೆಂಚು, ಅದೇ ಬಾಗಿಲು. 18ರೊಳಗಿನ ಹುಡುಗಿ ಬಸುರಿಯಾಗಿ ಬಂದರೆ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆ ಪ್ರಕಾರ ವೈದ್ಯರು ಪೊಲೀಸರಿಗೆ ತಿಳಿಸಲೇಬೇಕು. ಈ ಹೆದರಿಕೆಗೇ ಎಷ್ಟೋ ಮಂದಿ ಡಾಕ್ಟರ್ ಹತ್ತಿರ ಬರದೆ ಮೆಡಿಕಲ್ ಶಾಪಿನ ಮಾತ್ರೆ ನುಂಗುತ್ತಾರೆ. 2022ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಸ್ವಲ್ಪ ದಾರಿ ಮಾಡಿಕೊಟ್ಟಿತು. ಹುಡುಗಿ ಮತ್ತು ಅವಳ ಪೋಷಕರು ಬೇಡವೆಂದು ಕೇಳಿಕೊಂಡರೆ, ವರದಿ ಕೊಡುವಾಗ ಅವಳ ಹೆಸರು ವಿಳಾಸ ಹೇಳಬೇಕಾಗಿಲ್ಲ ಎಂದಿತು. ಈ ತೀರ್ಪು ಬಂದಿದೆ ಅನ್ನುವುದು ಊರೂರಿನ ಡಾಕ್ಟರಿಗೂ ಹುಡುಗಿಗೂ ತಲುಪಬೇಕಲ್ಲ.

ಗಡಿಯಾರ ಮತ್ತು ಹದಿನಾಲ್ಕು ಅಂಕಿ

ನಮ್ಮ ಕ್ಲಿನಿಕ್‌ಗಳು 2022ರ ಡಿಸೆಂಬರಿನಲ್ಲಿ ಶುರುವಾದಾಗ ಗೊತ್ತುಮಾಡಿದ ಸಮಯ ಬೆಳಗ್ಗೆ 9ರಿಂದ ಸಂಜೆ 4:30. ನಗರದ ಯುವಕ ಯುವತಿಯರು ಕೆಲಸದಲ್ಲೋ ಕ್ಲಾಸಿನಲ್ಲೋ ಇರುವ ಸಮಯ ಸರಿಯಾಗಿ ಅದೇ. ಕೆಲಸ ಬಿಟ್ಟು ಬಂದು ಪಿಜಿ ಸೇರುವ ಹೊತ್ತಿಗೆ ಎಷ್ಟೋ ಕಡೆ ಕ್ಲಿನಿಕ್ಕಿಗೆ ಬೀಗ, ಮೆಡಿಕಲ್ ಶಾಪಿಗೆ ದೀಪ. ಯಾರ ಹತ್ತಿರ ಹೋಗುತ್ತಾರೆ ಹೇಳಿ. ಹೀಗಾಗಿ ಎಷ್ಟೋ ಜನರ ‘ಪ್ರಾಥಮಿಕ ವೈದ್ಯ’ ಕೌಂಟರಿನ ಹಿಂದೆ ನಿಂತ ಅಂಗಡಿಯವರು. ಅವರು ಎರಡು ದಿನದ ಆಂಟಿಬಯೋಟಿಕ್ ಎಣಿಸಿ ಕೊಡುತ್ತಾರೆ.

ಇದಕ್ಕೆಲ್ಲ ಡಿಜಿಟಲ್ ಉತ್ತರ ಇದೆ ಅನ್ನುವವರಿದ್ದಾರೆ. 2021ರಲ್ಲಿ ಶುರುವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಪ್ರತಿಯೊಬ್ಬರಿಗೂ 14 ಅಂಕಿಯ ಆಭಾ ನಂಬರ್ ಕೊಡುತ್ತದೆ. ಎಲ್ಲ ಆಸ್ಪತ್ರೆಯ ದಾಖಲೆಗಳೂ ಅದಕ್ಕೆ ಜೋಡಣೆಯಾದರೆ ರಾಯಚೂರಿನ ಎಕೋ ವರದಿ ಬೆಂಗಳೂರಿನ ಡಾಕ್ಟರಿಗೆ ಕಾಣಬಹುದು. ನಿಜಕ್ಕೂ ಬೇಕಾದ್ದೇ. ಆದರೆ ನೆಗಡಿ ಜ್ವರಕ್ಕೆ ಜನ ಹೋಗುವ ಕ್ಲಿನಿಕ್ಕುಗಳಲ್ಲಿ ಬಹುಪಾಲು ಖಾಸಗಿ. 2017–18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ಆಸ್ಪತ್ರೆಗೆ ದಾಖಲಾಗದ ಕಾಯಿಲೆಗಳಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿದ್ದು ಸುಮಾರು 30% ಮಾತ್ರ. ಬೀದಿಯ ಕ್ಲಿನಿಕ್ಕಿನ ಡಾಕ್ಟರ್ ಇವತ್ತೂ ಲೆಟರ್‌ಹೆಡ್ಡಿನಲ್ಲಿ ಪೆನ್ನಿನಿಂದಲೇ ಬರೆಯುತ್ತಾರೆ. ಇನ್ನೊಂದು ವಿಷಯ: ನಂಬರ್ ಯಾರನ್ನೂ ಫೋನ್ ಮಾಡಿ ‘ಯಾಕಪ್ಪ ಈ ತಿಂಗಳು ಇಂಜೆಕ್ಷನ್ನಿಗೆ ಬರಲಿಲ್ಲ’ ಅಂತ ಕೇಳುವುದಿಲ್ಲ. ಹಾಗೆ ಕೇಳುವ ಒಬ್ಬ ಮನುಷ್ಯ ಬೇಕು.

ಇಂಗ್ಲೆಂಡಿಗೆ ಓದಲು ಹೋದ ನಮ್ಮ ಹುಡುಗರನ್ನು ಕೇಳಿ ನೋಡಿ. ಕಾಲೇಜು ಸೇರಿದ ಮೊದಲ ವಾರಗಳಲ್ಲೇ ಹತ್ತಿರದ ಜಿಪಿ (ಸಾಮಾನ್ಯ ವೈದ್ಯರ) ಕ್ಲಿನಿಕ್ಕಿನಲ್ಲಿ ಹೆಸರು ಬರೆಸಿ ಎಂದು ವಿಶ್ವವಿದ್ಯಾಲಯವೇ ಹೇಳುತ್ತದೆ. ಅಪಾಯಿಂಟ್‌ಮೆಂಟ್ ಸಿಗಲು ವಾರಗಟ್ಟಲೆ ಕಾಯಬೇಕು ಅಂತ ಅವರು ಗೊಣಗುವುದೂ ನಿಜ. ಆದರೂ ಅವರಿಗೊಂದು ಕ್ಲಿನಿಕ್ ಗೊತ್ತಿದೆ, ಅಲ್ಲಿ ಅವರ ಹೆಸರಿದೆ. ಆಸ್ಟ್ರೇಲಿಯಾ 2006ರಲ್ಲಿ ‘ಹೆಡ್‌ಸ್ಪೇಸ್’ ಅಂತ ಶುರುಮಾಡಿತು. 12ರಿಂದ 25ರವರಿಗೆ ಮನಸ್ಸು, ದೇಹ, ಕುಡಿತದ ತೊಂದರೆ, ಓದು ಕೆಲಸದ ಚಿಂತೆ ಎಲ್ಲಕ್ಕೂ ಒಂದೇ ಸೂರು. ತೀವ್ರ ಕಾಯಿಲೆ ಇರುವವರಿಗೆ ಅದು ಸಾಲುವುದಿಲ್ಲ ಎಂಬ ಟೀಕೆ ಅಲ್ಲೇ ಇದೆ. ನಾವು ಅದನ್ನು ಹಾಗೇ ತಂದು ಇಲ್ಲಿ ನೆಡಬೇಕಾಗಿಲ್ಲ. ಆದರೆ ಗೆರೆಯನ್ನು 18ರಲ್ಲಿ ಎಳೆಯದೆ 25ಕ್ಕೆ ಎಳೆದರು ನೋಡಿ, ಅಷ್ಟನ್ನು ಕಲಿಯಬಹುದು. ಮನೆ ಬಿಡುವ, ಊರು ಬದಲಿಸುವ, ಮೊದಲ ಸಂಬಳ ಎಣಿಸುವ ವರ್ಷಗಳಲ್ಲೇ ಆರೈಕೆ ಕಡಿದುಹೋಗಬಾರದು ಅನ್ನುವುದು ಅದರ ಹಿಂದಿನ ತರ್ಕ.

ನಮ್ಮಲ್ಲಿ ಏನು ಮಾಡಬಹುದು? ಹೊಸ ಹೆಸರಿನ ಇನ್ನೊಂದು ಯೋಜನೆ ಬೇಡ, ಇರುವುದೇ ಹತ್ತು ಹದಿನೈದು ಇವೆ. ಯಾವ ಕಾರಣಕ್ಕೆ ಬಂದರೂ 18 ದಾಟಿದ ಎಲ್ಲರ ಬಿಪಿ ನೋಡಿ ಬರೆದಿಡುವುದಕ್ಕೆ ಹೊಸ ಯಂತ್ರ ಬೇಕಾಗಿಲ್ಲ. ನಗರದಲ್ಲಿ ಕ್ಲಿನಿಕ್ಕುಗಳನ್ನು ವಾರಕ್ಕೆ ಎರಡು ಮೂರು ದಿನವಾದರೂ ರಾತ್ರಿ 9ರವರೆಗೆ ತೆರೆಯಬಹುದು. ಇದಕ್ಕೆ ಸಿಬ್ಬಂದಿ ಬೇಕು, ದುಡ್ಡೂ ಬೇಕು, ಸುಮ್ನೆ ಆದೇಶ ಹೊರಡಿಸಿದರೆ ಆಗುವುದಿಲ್ಲ. ಆಪ್ ಮೂಲಕ ಡೆಲಿವರಿ, ಟ್ಯಾಕ್ಸಿಯಂಥ ಕೆಲಸ ಮಾಡುವ ಗಿಗ್ ಕಾರ್ಮಿಕರಿಗಾಗಿ 2025ರಲ್ಲಿ ರಾಜ್ಯ ತಂದ ಕಾನೂನು ಪ್ರತಿ ವ್ಯವಹಾರದ ಮೇಲೆ ಪ್ಲಾಟ್‌ಫಾರ್ಮ್ ಕಂಪನಿಗಳಿಂದ ಕಲ್ಯಾಣ ಶುಲ್ಕ ವಸೂಲಿ ಮಾಡಲು ದಾರಿ ಮಾಡಿದೆ. ಆ ಹಣ ಅಂದ ತಕ್ಷಣ ಎಲ್ಲರಿಗೂ ನೆನಪಾಗುವುದು ಅಪಘಾತ ವಿಮೆ. ಅದರಲ್ಲಿ ಒಂದು ಪಾಲು ಈ ರಾತ್ರಿ ಕ್ಲಿನಿಕ್ಕುಗಳಿಗೆ ಯಾಕೆ ಹೋಗಬಾರದು?

ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಮೊದಲು ಆಗಬೇಕಾದ್ದು ಒಂದು ಹಾಳೆ. ಆರ್‌ಬಿಎಸ್‌ಕೆ ಪಟ್ಟಿಯಲ್ಲಿ ಕಾಯಂ ಕಾಯಿಲೆ ಇರುವ ಪ್ರತಿ ಮಗುವಿಗೆ 18 ತುಂಬುವಾಗ ಕನ್ನಡದಲ್ಲಿ ಬರೆದ ಒಂದು ಪತ್ರ ಕೈಗೆ ಕೊಡಬೇಕು. ಕಾಯಿಲೆ ಏನು, ಯಾವ ಔಷಧ ಎಷ್ಟು ವರ್ಷ, ಪೆನಿಸಿಲಿನ್ ಒಗ್ಗಿದೆಯೋ ಇಲ್ಲವೋ, ತುರ್ತಾದರೆ ಎಲ್ಲಿಗೆ ಹೋಗಬೇಕು, ಇಷ್ಟಿದ್ದರೆ ಸಾಕು. ಅದನ್ನು ಬರೆಯುವ ವೈದ್ಯರು ಈಗಾಗಲೇ ಸಂಬಳದ ಮೇಲಿದ್ದಾರೆ. ಮಕ್ಕಳ ಹೆಸರುಗಳೂ ಅವರ ಬಳಿಯೇ ಇವೆ. ಕಷ್ಟ ಇರುವುದು ಪತ್ರದ ಇನ್ನೊಂದು ತುದಿಯಲ್ಲಿ. ಆ ಪತ್ರ ತೆಗೆದುಕೊಂಡು ಬಂದವನ ಹೆಸರು ಬರೆದುಕೊಂಡು, ಇನ್ನು ಮುಂದೆ ಇವನು ನಮ್ಮವನು ಅನ್ನುವ ಕ್ಲಿನಿಕ್ ಬೇಕು. ನಮ್ಮ ಕ್ಲಿನಿಕ್ಕಿನ ಸಾಧನೆಯನ್ನು ಇವತ್ತು ದಿನಕ್ಕೆ ಎಷ್ಟು ಜನರನ್ನು ನೋಡಿದರು ಅನ್ನುವ ಸಂಖ್ಯೆಯಿಂದ ಅಳೆಯಲಾಗುತ್ತದೆ. ಆ ಸುತ್ತಿನಲ್ಲಿ ಬಾಡಿಗೆ ರೂಮಿನಲ್ಲಿರುವ, ಬೇರೆ ಜಿಲ್ಲೆಯಿಂದ ಬಂದ ಎಷ್ಟು ಯುವಜನರ ಹೆಸರು ಅವರ ಪಟ್ಟಿಯಲ್ಲಿದೆ, ಅವರಲ್ಲಿ ಎಷ್ಟು ಮಂದಿ ಎರಡನೇ ಸಲ ಬಂದರು ಎಂಬ ಇನ್ನೆರಡು ಸಂಖ್ಯೆಗಳನ್ನು ಆ ತಿಂಗಳ ವರದಿಗೆ ಸೇರಿಸಿದರೆ ಕೆಲಸ ಶುರುವಾಗುತ್ತದೆ.